ಓದುಗರ ಪ್ರಶ್ನೆ: ಮುಖ ನೋಡಿ ಊರು ಹೇಳಬೇಡಿ

ಬೆಂಗಳೂರಿಗೆ ದುಡಿಯಲು ಬಂದವರ ಫೋಟೋ ತೆಗೆಯುವುದು, ಆ ಫೋಟೋ ಮುಂದಿಟ್ಟುಕೊಂಡು ಅವರ ಜೊತೆ ಮಾತಾಡುವುದು, ಮಾತಾಡಿದ್ದನ್ನು ಬರೆದಿಡುವುದು ನನ್ನ ಕೆಲಸ. ನಾನು ಹುಟ್ಟಿದ್ದು ಸಿಂಧನೂರು ತಾಲ್ಲೂಕಿನಲ್ಲಿ, ಬೆಳೆದದ್ದು ಪೀಣ್ಯದ ಪಕ್ಕದ ಲಗ್ಗೆರೆಯಲ್ಲಿ. ಅಪ್ಪ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಫೋಟೋ ಮತ್ತು ವಲಸೆಯ ಬಗ್ಗೆ ನೀವು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎಂ.ಎ. ಸಮಾಜಶಾಸ್ತ್ರಕ್ಕೆ ಕಿರುಪ್ರಬಂಧ ಬರೆಯಬೇಕು. ಬೆಂಗಳೂರಿಗೆ ವಲಸೆ ಬಂದವರನ್ನು ಫೋಟೋ ಮೂಲಕ ಅಧ್ಯಯನ ಮಾಡೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಎಲ್ಲ ರಾಜ್ಯದವರೂ ಬರುವ ಹಾಗೆ ಜನರನ್ನು ಹೇಗೆ ಆರಿಸಲಿ?
– ವಿದ್ಯಾರ್ಥಿನಿ, ತುಮಕೂರು

ಎಲ್ಲ ರಾಜ್ಯದವರೂ ಇರಬೇಕು ಅನ್ನುವ ಆಸೆಯನ್ನು ಮೊದಲು ಬಿಟ್ಟುಬಿಡಿ. ರಾಜ್ಯಕ್ಕೊಂದು ಮುಖ ಜೋಡಿಸುತ್ತಾ ಹೋದರೆ ಅದು ಜನವರಿ 26ರ ಸ್ತಬ್ಧಚಿತ್ರಗಳ ಮೆರವಣಿಗೆಯಂತೆ ಆಗುತ್ತದೆ, ಅಧ್ಯಯನ ಆಗುವುದಿಲ್ಲ. ಒಂದು ಬೀದಿ ಹಿಡಿಯಿರಿ. ಅದೇ ಬೀದಿಗೆ ಮತ್ತೆ ಮತ್ತೆ ಹೋಗಿ. ಬೆಳಗ್ಗೆ ಆರಕ್ಕೆ ಇದ್ದ ಜನ ಹನ್ನೊಂದಕ್ಕೆ ಇರುವುದಿಲ್ಲ. ಭಾನುವಾರ ಸಂಜೆ ಕಂಡವರು ಬುಧವಾರ ಸಿಗುವುದಿಲ್ಲ.

ಜನರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಆ ಬೀದಿಯ ಒಂದು ದಿನಸಿ ಅಂಗಡಿಯನ್ನು ನೋಡಿ. ಹೆಗ್ಗನಹಳ್ಳಿ ಕಡೆ ನಾನು ಹೋಗುವ ಒಂದು ಅಂಗಡಿ ಇದೆ. ಕೆಳಗೆ ರಾಗಿ ಹಿಟ್ಟಿನ ಚೀಲ, ಅದರ ಪಕ್ಕ ಜೋಳದ ಹಿಟ್ಟು. ಮೇಲಿನ ಸಾಲಿನಲ್ಲಿ ಕುಚ್ಚಲಕ್ಕಿ. ಅದಕ್ಕೂ ಮೇಲೆ ಹಳದಿ ಬಾಟಲಿಗಳಲ್ಲಿ ಸಾಸಿವೆ ಎಣ್ಣೆ. ಗಲ್ಲಾಪೆಟ್ಟಿಗೆ ಹತ್ತಿರ, ಕೈಗೆ ಸಿಗುವ ಹಾಗೆ, ಸತ್ತು ಪ್ಯಾಕೆಟ್. ಹುರಿದ ಕಡಲೆಯನ್ನು ಬೀಸಿದ ಹಿಟ್ಟು ಅದು, ಬಿಹಾರದ ಹುಡುಗರು ನೀರಿಗೆ ಉಪ್ಪು, ಈರುಳ್ಳಿ ಜೊತೆ ಕಲಸಿ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಪೀಣ್ಯದ ಸುತ್ತ ಯಾರು ಯಾರು, ಯಾವ ಕ್ರಮದಲ್ಲಿ ಬಂದರು ಅನ್ನುವುದು ಆ ಸಾಲುಗಳಲ್ಲಿ ಹೆಚ್ಚು ಕಡಿಮೆ ಕಾಣುತ್ತದೆ.

ಮಾಲೀಕರನ್ನು ಕೇಳಿ ಆ ಸಾಲುಗಳ ಫೋಟೋ ತೆಗೆಯಿರಿ. ಆಮೇಲೆ ಎರಡೇ ಪ್ರಶ್ನೆ ಕೇಳಿ. ಈ ಸಾಮಾನು ಯಾವಾಗಿನಿಂದ ಇಡುತ್ತಿದ್ದೀರಿ? ಯಾವ ತಿಂಗಳಲ್ಲಿ ಇದರ ವ್ಯಾಪಾರ ಬೀಳುತ್ತೆ? ಎರಡನೇ ಪ್ರಶ್ನೆಗೆ ಸಿಗುವ ಉತ್ತರ ಚಿನ್ನ. ಬಿಹಾರದವರ ಛಠ್ ಹಬ್ಬದ ಹೊತ್ತಿಗೆ ಸತ್ತು ಪ್ಯಾಕೆಟ್ ಖರ್ಚಾಗುವುದಿಲ್ಲ, ಯಾಕೆಂದರೆ ಕೊಳ್ಳುವವರು ಊರಿಗೆ ಹೋಗಿರುತ್ತಾರೆ. ಯುಗಾದಿಗೆ, ಮುಂಗಾರಿನ ಬಿತ್ತನೆಗೆ ನಮ್ಮ ರಾಯಚೂರು, ಯಾದಗಿರಿ ಕಡೆಯ ಗುಳೆಯವರು ಹೊರಡುತ್ತಾರೆ, ಆಗ ಜೋಳದ ಹಿಟ್ಟು ಉಳಿಯುತ್ತದೆ. ಯಾರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಅನ್ನುವ ಇಡೀ ವರ್ಷದ ಲೆಕ್ಕ ಅಂಗಡಿಯವರ ಬಾಯಲ್ಲಿ ಇರುತ್ತದೆ.

ಇನ್ನೊಂದು ಮಾತು. ಬೀದಿಯ ಬರಹಗಳ ಫೋಟೋ ತೆಗೆಯುವಾಗ ಅಂಗಡಿಯ ದೊಡ್ಡ ಬೋರ್ಡಿಗೆ ಮೋಸ ಹೋಗಬೇಡಿ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲೇ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಆದ್ದರಿಂದ ಬೋರ್ಡಿನಿಂದ ಕಾನೂನು ಏನು ಹೇಳುತ್ತದೆ ಅನ್ನುವುದು ಗೊತ್ತಾಗುತ್ತದೆ. ಅಲ್ಲಿ ಯಾರು ಬದುಕುತ್ತಿದ್ದಾರೆ ಅನ್ನುವುದಕ್ಕೆ ಷಟರ್ ಮೇಲೆ, ಕರೆಂಟ್ ಕಂಬದ ಮೇಲೆ ಅಂಟಿಸಿದ ಕೈಬರಹದ ಚೀಟಿ ನೋಡಬೇಕು. ‘ರೂಮ್ ಖಾಲಿ ಇದೆ’, ‘ಟೈಲರ್ ಬೇಕು’, ‘ಇಲ್ಲಿಂದ ಊರಿಗೆ ಹಣ ಕಳಿಸಬಹುದು’ ಅನ್ನುವುದು ಯಾವ ಲಿಪಿಯಲ್ಲಿದೆ? ಹಿಂದಿಯೋ, ಒಡಿಯಾನೋ, ಬಂಗಾಳಿಯೋ? ಆ ಚೀಟಿ ಬರೆದವರಿಗೆ ಓದುವವರು ಯಾರು ಅಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಫೋಟೋ ಚೆಂದ ಇರಬಹುದು, ಆದರೆ ಅದು ಸಂಶೋಧನೆ ಹೇಗಾಗುತ್ತದೆ? ಎಷ್ಟು ಜನ ಬಂದರು, ಎಲ್ಲಿಂದ ಬಂದರು ಅನ್ನುವುದಕ್ಕೆ ಜನಗಣತಿ ಇಲ್ಲವೇ?
– ಓದುಗರು, ಮೈಸೂರು

ಮೇಷ್ಟ್ರೇ, ಗಣತಿ ಬೇಕೇ ಬೇಕು. ನಾನೂ ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ. ಆದರೆ ಅದು ಏನನ್ನು ಕೇಳುತ್ತದೆ ಅಂತ ಸ್ವಲ್ಪ ನೋಡೋಣ. ಎಲ್ಲಿ ಹುಟ್ಟಿದಿರಿ, ಇದಕ್ಕೆ ಮುಂಚೆ ಎಲ್ಲಿದ್ದಿರಿ, ಯಾಕೆ ಬಂದಿರಿ. ಈ ಲೆಕ್ಕದಲ್ಲಿ 2011ರಲ್ಲಿ ಭಾರತದಲ್ಲಿ 45 ಕೋಟಿಗೂ ಜಾಸ್ತಿ ವಲಸಿಗರಿದ್ದರು. ಮದುವೆಯಾಗಿ ಪಕ್ಕದ ಹಳ್ಳಿಗೆ ಹೋದ ಹೆಣ್ಣುಮಗಳೂ ಅದರಲ್ಲಿ ಸೇರಿದ್ದಾಳೆ. ಹೆಂಗಸರ ವಲಸೆಗೆ ಗಣತಿಯಲ್ಲಿ ಸಿಗುವ ಅತಿ ದೊಡ್ಡ ಕಾರಣವೇ ಮದುವೆ. ಗಂಡನ ಹಿಂದೆ ಬೆಂಗಳೂರಿಗೆ ಬಂದು, ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಹೊಲಿದು, ಮನೆಯನ್ನು ತಾನೇ ನಡೆಸಿದ ಹೆಂಗಸಿನ ಎದುರಿಗೂ ಆ ಹಾಳೆಯಲ್ಲಿ ‘ಮದುವೆ’ ಅಂತಲೇ ಇರುತ್ತದೆ. ನಾಲ್ಕು ತಿಂಗಳು ಬಂದು ಹೋಗುವ ಗುಳೆಯವರು ಲೆಕ್ಕಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಮೇಲಾಗಿ ನಮ್ಮ ಕೈಲಿರುವುದು 2011ರ ಅಂಕಿ. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಈ ನಡುವೆ ಬೆಂಗಳೂರು ಎಷ್ಟು ಬದಲಾಗಿದೆ ಅಂತ ನಿಮಗೇ ಗೊತ್ತು.

ಫೋಟೋ ಇಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ? 1950ರ ದಶಕದಲ್ಲಿ ಜಾನ್ ಕೋಲಿಯರ್ ಅನ್ನುವ ಅಮೆರಿಕದ ಫೋಟೋಗ್ರಾಫರ್ ಕೆನಡಾದ ಪೂರ್ವ ಭಾಗದಲ್ಲಿ ಒಂದು ಅಧ್ಯಯನ ತಂಡದ ಜೊತೆ ಇದ್ದರು. ಕೆಲವು ಮಾತುಕತೆ ಬರೀ ಪ್ರಶ್ನೆ ಕೇಳಿ ನಡೆಸಿದರು, ಕೆಲವನ್ನು ಫೋಟೋ ಮುಂದಿಟ್ಟು ನಡೆಸಿದರು. ಫೋಟೋ ಮುಂದಿದ್ದಾಗ ಜನ ಹೆಚ್ಚು ಖಚಿತವಾಗಿ, ವಿವರವಾಗಿ ಮಾತಾಡಿದರು. 1957ರಲ್ಲಿ ಅದನ್ನು ಲೇಖನವಾಗಿ ಬರೆದರು. ನಾನು ಮಾಡುವುದೂ ಇದನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ಒಡಿಶಾದಿಂದ ಬಂದ ಒಬ್ಬ ಗಾರ್ಮೆಂಟ್ಸ್ ಕೆಲಸದಾಕೆಯ ಕೋಣೆಯ ಫೋಟೋ ತೆಗೆದಿದ್ದೆ. ಗ್ಯಾಸ್ ಒಲೆ, ಜಗನ್ನಾಥನ ಪಟ, ಗೋಡೆಗೆ ಒರಗಿಸಿದ ಚಾಪೆ, ಕಿಟಕಿಯ ಸರಳಿಗೆ ಸಿಕ್ಕಿಸಿದ ಬಾಚಣಿಗೆ, ಎಲ್ಲ ಇತ್ತು. ಪ್ರಿಂಟ್ ಕೈಗೆ ಕೊಟ್ಟೆ. ಅವಳ ಬೆರಳು ನೇರ ಹೋಗಿದ್ದು ಬಾಗಿಲ ಹಿಂದೆ ನೇತಾಡುತ್ತಿದ್ದ ನೀಲಿ ಬ್ಯಾಗಿಗೆ. “ಅಕ್ಕಾ, ಇದು ಊರಿಗೆ ಹೋಗೋ ಬ್ಯಾಗು” ಅಂದಳು. ಅದರಲ್ಲಿ ಆಧಾರ್, ಪಾಸ್‌ಬುಕ್, ಮಗುವಿನ ಎರಡು ಜೊತೆ ಬಟ್ಟೆ, ಒಂದು ಚಾರ್ಜರ್. ಲಾಕ್‌ಡೌನ್ ಆದಾಗಿನಿಂದ ಅದನ್ನು ಬಿಚ್ಚಿ ಇಟ್ಟೇ ಇಲ್ಲವಂತೆ. 2020ರ ಮೇ 5ರಂದು ನಮ್ಮ ಸರ್ಕಾರ, ಕಟ್ಟಡ ಕಟ್ಟುವ ಕಂಪನಿಗಳ ಜೊತೆ ಸಭೆ ನಡೆಸಿ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಬೇಡ ಅಂತ ರೈಲ್ವೆಗೆ ಬರೆಯಿತು. ಎಲ್ಲ ಕಡೆಯಿಂದ ಟೀಕೆ ಬಂದಮೇಲೆ ಎರಡೇ ದಿನಕ್ಕೆ ತೀರ್ಮಾನ ಬದಲಾಯಿತು. ಸುದ್ದಿಯಲ್ಲಿ ಅದು ಎರಡು ದಿನದ ವಿಷಯ. ಅವಳ ಬಾಗಿಲ ಹಿಂದೆ ಅದು ಇನ್ನೂ ನೇತಾಡುತ್ತಿದೆ.

ಇದಾದ ಮೇಲೆ ನಾನು ಎಲ್ಲರನ್ನೂ ಕೇಳಲು ಶುರು ಮಾಡಿದೆ: ನಿಮ್ಮ ಮನೆಯಲ್ಲಿ ಕಟ್ಟಿಟ್ಟ ಬ್ಯಾಗ್ ಇದೆಯಾ? ಯಾವ ಪ್ರಶ್ನಾವಳಿಯಲ್ಲೂ ಇಲ್ಲದ ಪ್ರಶ್ನೆ ಇದು. ಈಗ ಬೇಕಾದರೆ ಎಣಿಸಬಹುದು ಮೇಷ್ಟ್ರೇ, ಶೇಕಡಾವಾರು ತೆಗೆಯಬಹುದು. ಏನನ್ನು ಎಣಿಸಬೇಕು ಅಂತ ಗೊತ್ತಾಗಿದ್ದು ಫೋಟೋದಿಂದ.

ಪ್ರಶ್ನೆ: ಯಾವ ಕ್ಯಾಮೆರಾ, ಯಾವ ಲೆನ್ಸ್ ಒಳ್ಳೆಯದು?
– ಓದುಗರು, ಹಾಸನ ಮತ್ತು ಬೆಳಗಾವಿ

ನಿಮ್ಮ ಕೈಲಿರುವ ಫೋನ್ ಸಾಕು. ಉದ್ದನೆಯ ಜೂಮ್ ಲೆನ್ಸ್ ಮಾತ್ರ ಬೇಡ. ದೂರದಿಂದ ಮುಖ ಎಳೆದುಕೊಳ್ಳುವುದಕ್ಕೆ ಅದು. ಈ ಕೆಲಸಕ್ಕೆ ಮಾತಾಡುವಷ್ಟು ಹತ್ತಿರ ಇರಬೇಕು. ಕ್ಯಾಮೆರಾಕ್ಕೆ ಹಾಕುವ ದುಡ್ಡನ್ನು ಪ್ರಿಂಟ್ ಹಾಕಿಸುವುದಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಕೇಳಿ ಫೋಟೋ ತೆಗೆದರೆ ಜನ ಸೆಟೆದು ನಿಲ್ಲುತ್ತಾರೆ, ಸಹಜತೆ ಹೋಗುತ್ತದೆ. ಕೇಳದೆ ತೆಗೆದರೆ ತಪ್ಪಾ? ಕಾನೂನು ಏನು ಹೇಳುತ್ತೆ?
– ಮದುವೆ ಫೋಟೋಗ್ರಾಫರ್, ಹುಬ್ಬಳ್ಳಿ

ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದನ್ನು ನಮ್ಮ ಕಾನೂನು ಸಾಮಾನ್ಯವಾಗಿ ತಡೆಯುವುದಿಲ್ಲ. ರಕ್ಷಣಾ ಇಲಾಖೆಯ ಜಾಗ, ವಿಮಾನ ನಿಲ್ದಾಣದಂಥ ಕಡೆ ನಿರ್ಬಂಧ ಇದೆ. ಕಾನೂನಿನ ಮಾತು ಸ್ಥೂಲವಾಗಿ ಇಷ್ಟು. ನನಗೆ ಅದು ಸಾಲದು.

ಈ ತರಹದ ಫೋಟೋದ ಆರಂಭದ ದಿನಗಳಲ್ಲೇ ಕೇಳದೆ ತೆಗೆಯುವುದು ಇತ್ತು. 1880ರ ದಶಕದಲ್ಲಿ ನ್ಯೂಯಾರ್ಕಿನ ಜೇಕಬ್ ರೀಸ್ ರಾತ್ರಿ ಹೊತ್ತು ಬಡವರ ವಠಾರಗಳಿಗೆ ನುಗ್ಗಿ, ಆಗಷ್ಟೇ ಬಂದಿದ್ದ ಮೆಗ್ನೀಸಿಯಂ ಪುಡಿ ಹೊತ್ತಿಸಿ ಫೋಟೋ ತೆಗೆಯುತ್ತಿದ್ದರು. ಮಲಗಿದ್ದವರು ಆ ಬೆಳಕಿಗೆ ಬೆಚ್ಚಿ ಏಳುತ್ತಿದ್ದರು. ಎರಡು ಸಲ ಮನೆಗೇ ಬೆಂಕಿ ಹತ್ತಿಸಿದ್ದಾಗಿ ರೀಸ್ ತಾವೇ ಬರೆದುಕೊಂಡಿದ್ದಾರೆ. ಅವರೂ ಡೆನ್ಮಾರ್ಕಿನಿಂದ ವಲಸೆ ಬಂದವರೇ. ಆ ಫೋಟೋಗಳಿಂದ ಸುಧಾರಣೆ ಆದದ್ದು ನಿಜ. ಆದರೆ ನಿದ್ದೆಯಿಂದ ಎದ್ದ ಆ ಮುಖಗಳಲ್ಲಿ ಇರುವುದು ಸಹಜತೆ ಅಲ್ಲ, ಗಾಬರಿ.

ಇನ್ನೊಂದು ಫೋಟೋ ನಿಮಗೆ ಗೊತ್ತೇ ಇರುತ್ತದೆ. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೊಮೊ. ಬಟಾಣಿ ಕೀಳುವ ಕೂಲಿಗಳ ಬಿಡಾರ. ಕೆನ್ನೆಗೆ ಕೈ ಕೊಟ್ಟು ದೂರ ನೋಡುತ್ತಿರುವ ತಾಯಿ, ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು. ತೆಗೆದವರು ಡೊರೊಥಿಯಾ ಲ್ಯಾಂಗ್. ಲ್ಯಾಂಗ್ ಆ ತಾಯಿಯ ಹೆಸರನ್ನು ವಿಚಾರಿಸಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಆಗ ಆಕೆ ಹೇಳಿದ್ದು: ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಕಾಸೂ ಬರಲಿಲ್ಲ, ಒಂದು ಪ್ರತಿ ಕಳಿಸುತ್ತೇನೆ ಅಂದಿದ್ದರು, ಕಳಿಸಲೇ ಇಲ್ಲ. ಇಡೀ ಪ್ರಪಂಚ ನೋಡಿದ ಫೋಟೋದ ಒಂದು ಪ್ರತಿಯನ್ನು ಅದರಲ್ಲಿದ್ದ ತಾಯಿಗೆ ಯಾರೂ ಕೊಡಲಿಲ್ಲ. ಇದನ್ನು ನಾನು ಮರೆಯುವುದಿಲ್ಲ.

ಇದು ದೂರದ ಕತೆ ಅನ್ನಿಸಿದರೆ ನಮ್ಮ ಊರಿನದ್ದೇ ಕೇಳಿ. 2020ರ ಜನವರಿ, ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರ. ಅಲ್ಲಿನ ಗುಡಿಸಲುಗಳಲ್ಲಿ ಬಾಂಗ್ಲಾದೇಶದವರಿದ್ದಾರೆ ಅನ್ನುವ ವಿಡಿಯೊ ಹರಿದಾಡಿತು. ಕೆಲವೇ ದಿನಗಳಲ್ಲಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟ್ ಅವರಿಗೆ ಪುನರ್ವಸತಿ ಕೊಡಿ ಅಂತ ಹೇಳಿತು. ಆದರೆ ಮನೆ ಹೋಗಿತ್ತು. ಯಾರೋ ಹಿಡಿದ ಕ್ಯಾಮೆರಾದಿಂದ ಏನು ಆಗಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾಗಿ ನನ್ನ ರೂಢಿ ಹೀಗಿದೆ. ಕೇಳಿಯೇ ತೆಗೆಯುತ್ತೇನೆ. ಸೆಟೆದು ನಿಂತರೆ ನಿಲ್ಲಲಿ, ಅವರು ತಮ್ಮನ್ನು ಹೇಗೆ ತೋರಿಸಿಕೊಳ್ಳಲು ಇಷ್ಟಪಡುತ್ತಾರೆ ಅನ್ನುವುದೂ ನನಗೆ ಬೇಕಾದ ವಿಷಯವೇ. ಮದುವೆ ಫೋಟೋ ತೆಗೆಯುವ ನಿಮಗೆ ಇದು ಇನ್ನೂ ಚೆನ್ನಾಗಿ ಗೊತ್ತು. ತೆಗೆದದ್ದನ್ನು ಅಲ್ಲೇ ತೋರಿಸುತ್ತೇನೆ, ಬೇಡ ಅಂದರೆ ಅವರೆದುರೇ ಅಳಿಸುತ್ತೇನೆ. ಮುಂದಿನ ಸಲ ಹೋದಾಗ ಪ್ರಿಂಟ್ ಕೊಡುತ್ತೇನೆ. ಅಚ್ಚಿಗೆ ಕೊಡುವ ಮೊದಲು ಇನ್ನೊಮ್ಮೆ ಕೇಳುತ್ತೇನೆ, ಯಾಕೆಂದರೆ ಬೀದಿಯಲ್ಲಿ ಹೂಂ ಅಂದವರು ಪತ್ರಿಕೆಗೆ ಹೂಂ ಅಂದಿರುವುದಿಲ್ಲ. ಮಕ್ಕಳ ಮುಖ, ಶೆಡ್ಡಿನ ವಿಳಾಸ, ಗುರುತಿನ ಚೀಟಿ ಇವು ಮೂರೂ ನನ್ನ ಫೋಟೋದಲ್ಲಿ ಬರುವುದಿಲ್ಲ. ಫೋನಿನಲ್ಲಿ ಲೊಕೇಶನ್ ಆಫ್ ಮಾಡಿಡಿ. ಇಲ್ಲದಿದ್ದರೆ ಫೋಟೋ ಫೈಲಿನ ಒಳಗೇ ಜಾಗದ ಗುರುತು ಕೂತಿರುತ್ತದೆ.

ಪ್ರಶ್ನೆ: ನಮ್ಮ ಕ್ಯಾಮೆರಾ ಕ್ಲಬ್ಬಿನವರು ಬೆಂಗಳೂರಿನಲ್ಲಿ ತೆಗೆದ ಫೋಟೋಗಳಿವೆ. ಕೆಳಗೆ ‘ಬಿಹಾರದ ಕಾರ್ಮಿಕ’, ‘ನೇಪಾಳಿ ಅಡುಗೆಯವ’ ಅಂತ ಬರೆದಿದ್ದೇವೆ. ಸಾಕಾ?
– ಓದುಗರು, ಶಿವಮೊಗ್ಗ

ಅವರೇ ಹೇಳಿದ್ದರೆ ಸಾಕು. ನೋಡಿ ಊಹಿಸಿದ್ದರೆ ದಯವಿಟ್ಟು ಅಳಿಸಿಬಿಡಿ.

ನಮ್ಮ ಸಿಂಧನೂರಿಗೆ ಬನ್ನಿ. ಅಲ್ಲಿ ಆರ್.ಎಚ್. ಕ್ಯಾಂಪುಗಳಿವೆ, ಅಂದರೆ ಪುನರ್ವಸತಿ ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು 1971ರ ಆಸುಪಾಸಿನಲ್ಲಿ ಸರ್ಕಾರವೇ ಜಮೀನು ಕೊಟ್ಟು ಅಲ್ಲಿ ನೆಲೆ ಮಾಡಿಸಿತು. ಅವರ ಮಕ್ಕಳು, ಮೊಮ್ಮಕ್ಕಳು ರಾಯಚೂರು ಜಿಲ್ಲೆಯಲ್ಲೇ ಹುಟ್ಟಿದವರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಅಪ್ಪಟ ನಮ್ಮ ಕಡೆ ಕನ್ನಡ. ಅಂಥ ಹುಡುಗ ಬೆಂಗಳೂರಿಗೆ ದುಡಿಯಲು ಬಂದು, ತನ್ನವರ ಜೊತೆ ಬಂಗಾಳಿಯಲ್ಲಿ ಮಾತಾಡುತ್ತಾ ಟೀ ಕುಡಿಯುತ್ತಿದ್ದರೆ ನೀವು ಏನಂತ ಬರೆಯುತ್ತೀರಿ? ಅವನು ನನ್ನ ಊರಿನವನು.

ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಆಫ್ರಿಕಾದ ವಿದ್ಯಾರ್ಥಿಗಳು ಇದ್ದಾರೆ, ನಿಜ. ಆದರೆ ಅಲ್ಲಿ ಎದುರಾದ ಗುಂಗುರು ಕೂದಲಿನ ಹುಡುಗಿ ಯಲ್ಲಾಪುರದ ಅಥವಾ ಹಳಿಯಾಳದ ಸಿದ್ದಿ ಸಮುದಾಯದವಳಿರಬಹುದು. ತಲೆಮಾರುಗಳಿಂದ ಉತ್ತರ ಕನ್ನಡದವರು ಅವರು. ಟಿಬೆಟಿನ ಮುಖ ಕಂಡರೆ ಬೈಲುಕುಪ್ಪೆಯಲ್ಲೇ ಹುಟ್ಟಿ, ಪಿರಿಯಾಪಟ್ಟಣದ ಬಸ್ಸಿನಲ್ಲಿ ಓಡಾಡಿ ಬೆಳೆದವರಿರಬಹುದು. ಮೇಲೆ ಹೇಳಿದ ಫ್ಲಾರೆನ್ಸ್ ಥಾಂಪ್ಸನ್ ಅವರನ್ನೂ ಜನ ದಶಕಗಟ್ಟಲೆ ಬಡ ಬಿಳಿ ಹೆಂಗಸು ಅಂತಲೇ ನೋಡಿದರು. ಆಕೆ ಚೆರೋಕಿ ಬುಡಕಟ್ಟಿನವರು.

ಮುಖ ನೋಡಿ ಊರು ಹೇಳುವ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಅಂತ 2012ರ ಆಗಸ್ಟಿನಲ್ಲಿ ನೋಡಿದ್ದೇವೆ. ದಾಳಿ ಆಗುತ್ತದೆ ಅನ್ನುವ ವದಂತಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅವರಲ್ಲಿ ಮಣಿಪುರದವರು, ಅಸ್ಸಾಮಿನವರು, ನಾಗಾಲ್ಯಾಂಡಿನವರು ಎಲ್ಲ ಇದ್ದರು. ಬೀದಿಯಲ್ಲಿ ಎಲ್ಲರಿಗೂ ಒಂದೇ ಹೆಸರು ಇಟ್ಟಿದ್ದರು.

ಅಡಿಬರಹ ಬರೆಯುವಾಗ ಕೆಲಸ ಬರೆಯಿರಿ, ಜಾಗ ಬರೆಯಿರಿ, ತಿಂಗಳು, ವರ್ಷ ಬರೆಯಿರಿ. ಊರಿನ ವಿಷಯ ಅವರೇ ಹೇಳಿದ ಮಾತಿನಲ್ಲಿ ಬರಲಿ. ಅವರು ‘ನಮ್ಮದು ಲಗ್ಗೆರೆ’ ಅಂದರೆ ಲಗ್ಗೆರೆ ಅಂತಲೇ ಬರೆಯಿರಿ.

ಪ್ರಶ್ನೆ: ನೀವು ವೈವಿಧ್ಯ ಅಂತ ಸಂಭ್ರಮಿಸುತ್ತೀರಿ. ನನ್ನ ಬಡಾವಣೆಯಲ್ಲಿ ಕನ್ನಡ ಮಾತಾಡಿ ತರಕಾರಿ ಕೊಳ್ಳಲು ಆಗುತ್ತಿಲ್ಲ. ಇದರ ಫೋಟೋ ಯಾಕೆ ತೆಗೆಯುವುದಿಲ್ಲ?
– ಓದುಗರು, ಮಹದೇವಪುರ, ಬೆಂಗಳೂರು

ನಿಮ್ಮ ಸಂಕಟ ನಿಜ. ನನಗೂ ಆಗುತ್ತದೆ. ಅದನ್ನು ಸಣ್ಣದು ಮಾಡಿ ಮಾತಾಡುವುದು ನನಗೆ ಇಷ್ಟವಿಲ್ಲ.

ಈ ಊರು ಬಂದವರಿಂದಲೇ ಬೆಳೆದದ್ದು ಅನ್ನುವುದು ನಿಮಗೆ ಗೊತ್ತಿರುವ ಮಾತು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಗಳಿಗೆ ನೇಕಾರರು, ವ್ಯಾಪಾರಿಗಳು ಹೊರಗಿನಿಂದ ಬಂದರು. 1809ರಲ್ಲಿ ಕಂಟೋನ್ಮೆಂಟ್, ಅಂದರೆ ದಂಡು, ಆದಾಗ ಪಡೆಯ ಜೊತೆ ತಮಿಳರು ಬಂದರು. ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನಿಂತು ಬಾಲಬ್ರೂಯಿಯಂಥ ಬಂಗಲೆಗಳನ್ನು ಕಟ್ಟಿದರು. ಪೇಟೆ ಮತ್ತು ದಂಡು ಒಂದೇ ಪಾಲಿಕೆಗೆ ಸೇರಿದ್ದು 1949ರಲ್ಲಿ. ಎಚ್‌ಎಎಲ್, ಐಟಿಐ, ಎಚ್‌ಎಂಟಿ ಕಾರ್ಖಾನೆಗಳು ಬಂದಾಗ ಇನ್ನಷ್ಟು ಜನ. 2011ರ ಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಆದರೂ ಬೇರೆ ಯಾವ ಭಾಷೆಯವರಿಗಿಂತಲೂ ಎಷ್ಟೋ ಪಾಲು ಜಾಸ್ತಿ.

ನಾನು ಕಂಡದ್ದು ಹೇಳುತ್ತೇನೆ. ಭಾಷೆ ಬರುವುದು ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ. ಗಾರ್ಮೆಂಟ್ಸ್ ಲೈನಿನಲ್ಲಿ ಒಡಿಶಾದ ಹುಡುಗಿಯ ಪಕ್ಕದ ಮೆಷಿನ್ನಿನಲ್ಲಿ ಮಾಗಡಿಯ ಹೆಂಗಸು ಕೂತಿರುತ್ತಾಳೆ. ಊಟದ ಡಬ್ಬಿ ಒಟ್ಟಿಗೆ ತೆಗೆಯುತ್ತಾರೆ. ಆರು ತಿಂಗಳಲ್ಲಿ ಆ ಹುಡುಗಿ “ಪೀಸ್ ಎಷ್ಟಾಯ್ತಕ್ಕಾ?” ಅಂತಾಳೆ, ಅದರ ಜೊತೆಗೇ ಬೈಗುಳವನ್ನೂ ಕಲಿಯುತ್ತಾಳೆ. ಅದೇ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ, ತಗಡಿನ ಬೇಲಿಯ ಒಳಗಿನ ಶೆಡ್ಡಿನಲ್ಲಿ, ಮೇಸ್ತ್ರಿಯೂ ಅವರ ಊರಿನವನೇ, ಅಡುಗೆಯವನೂ ಅವರ ಊರಿನವನೇ. ಅಲ್ಲಿ ಮೂರು ವರ್ಷ ಇದ್ದವನಿಗೂ ಕನ್ನಡ ಕಿವಿಗೇ ಬಿದ್ದಿರುವುದಿಲ್ಲ. ಕಟ್ಟಡ ಮುಗಿದ ಮೇಲೆ ಅದರೊಳಗೆ ಬಂದು ಕೂರುವವರ ಕತೆಯೂ ಹೆಚ್ಚು ಕಡಿಮೆ ಅಷ್ಟೇ, ಗೇಟಿನ ಒಳಗೇ ಎಲ್ಲ ಸಿಗುತ್ತದೆ. ಕನ್ನಡ ಸೋಲುತ್ತಿರುವುದು ಜನ ಬಂದದ್ದರಿಂದ ಅಲ್ಲ, ಬಂದವರನ್ನು ನಮ್ಮಿಂದ ಬೇರೆ ಇಟ್ಟು ಬದುಕುವ ವ್ಯವಸ್ಥೆಯಿಂದ ಅಂತ ನಾನು ನಂಬಿದ್ದೇನೆ.

ಈ ಬೇಲಿಗಳ ಫೋಟೋ ಖಂಡಿತ ತೆಗೆಯಬೇಕು, ನಿಮ್ಮ ಮಾತು ಒಪ್ಪುತ್ತೇನೆ. ನಿಮ್ಮ ಬಡಾವಣೆಯಲ್ಲಿ ನೀವೇ ಶುರು ಮಾಡಿ. ಜೊತೆಗೆ ಕನ್ನಡ ಕಲಿಯುತ್ತಿರುವ ಜಾಗಗಳನ್ನೂ ಹುಡುಕಿ. ತರಕಾರಿ ಗಾಡಿಯ ಹುಡುಗ ಫೋನಿನಲ್ಲಿ ‘ಸೊಪ್ಪು’, ‘ಬದನೆಕಾಯಿ’ ಅಂತ ದೇವನಾಗರಿಯಲ್ಲಿ ಬರೆದುಕೊಂಡಿರುವುದನ್ನು ನಾನು ನೋಡಿದ್ದೇನೆ. ಅವನನ್ನು ಮಾತಾಡಿಸಿ.

ಪ್ರಶ್ನೆ: ನಮ್ಮ ಹುಡುಗ ಬೆಂಗಳೂರಾಗ ಸೆಂಟ್ರಿಂಗ್ ಕೆಲಸ ಮಾಡ್ತಾನ. ವಾರಕ್ಕೊಮ್ಮೆ ವಾಟ್ಸಾಪಿನಾಗ ಫೋಟೋ ಕಳಸ್ತಾನ. ಅವೂ ನಿಮ್ಮ ಸಂಶೋಧನಕ್ಕ ಬರ್ತಾವೇನ್ರೀ?
– ಓದುಗರು, ಲಿಂಗಸುಗೂರು

ಅಕ್ಕಾ, ನಾವು ತೆಗೆಯುವ ಫೋಟೋಗಿಂತ ಅವೇ ಮುಖ್ಯ. ದೂರ ಹೋದವರು ಮನೆಗೆ ಫೋಟೋ ಕಳಿಸುವುದು ಇಂದಿನದಲ್ಲ. 1960ರ ದಶಕದಲ್ಲಿ ಪೋರ್ಚುಗಲ್‌ನಿಂದ ಫ್ರಾನ್ಸಿಗೆ ಕದ್ದು ಗಡಿ ದಾಟಿ ದುಡಿಯಲು ಹೋಗುವವರು ಹೊರಡುವ ಮೊದಲು ಒಂದು ಫೋಟೋ ತೆಗೆಸಿ, ಅದನ್ನು ಎರಡು ತುಂಡು ಮಾಡುತ್ತಿದ್ದರು. ಒಂದು ತುಂಡು ದಾರಿ ತೋರಿಸುವವನ ಕೈಗೆ, ಇನ್ನೊಂದು ತಮ್ಮ ಜೇಬಿಗೆ. ಫ್ರಾನ್ಸ್ ಮುಟ್ಟಿದ ಮೇಲೆ ತಮ್ಮ ತುಂಡನ್ನು ಮನೆಗೆ ಅಂಚೆಯಲ್ಲಿ ಕಳಿಸುವರು. ದಾರಿ ತೋರಿಸಿದವನು ತನ್ನ ತುಂಡು ಹಿಡಿದುಕೊಂಡು ಮನೆಗೆ ಬರುವನು. ಎರಡೂ ಕೂಡಿದರೆ ಮಗ ಕ್ಷೇಮವಾಗಿ ಮುಟ್ಟಿದ ಅಂತ ಲೆಕ್ಕ, ಆಗ ಮನೆಯವರು ದುಡ್ಡು ಕೊಡುವರು.

ನಿಮ್ಮ ಮಗ ಕಳಿಸುವ ಫೋಟೋದಲ್ಲಿ ಅವನ ಹಿಂದೆ ಏನಿದೆ ಅಂತ ನೋಡಿ. ಹೆಚ್ಚಿನ ಹುಡುಗರು ಶೆಡ್ಡಿನ ಮುಂದೆ ನಿಂತು ತೆಗೆಸಿಕೊಳ್ಳುವುದಿಲ್ಲ. ವಿಧಾನಸೌಧ, ಮೆಟ್ರೋ, ಮಾಲ್, ಇಲ್ಲವೇ ತಾವೇ ಕಟ್ಟಿದ ಕಟ್ಟಡ ಹಿಂದೆ ಇರುತ್ತದೆ. ಹದಿನೆಂಟನೇ ಮಹಡಿಯ ಸೆಂಟ್ರಿಂಗ್ ಮೇಲೆ ನಿಂತು ತೆಗೆದ ಫೋಟೋವನ್ನು ಒಬ್ಬ ಹುಡುಗ ನನಗೆ ತೋರಿಸಿದ್ದ. ಹಿಂದೆ ಇಡೀ ಬೆಂಗಳೂರು ಕಾಣುತ್ತಿತ್ತು. ಮನೆ ಮಾರಾಟ ಆದಮೇಲೆ ಅಲ್ಲಿಗೆ ಅವನನ್ನು ಯಾರೂ ಬಿಡುವುದಿಲ್ಲ. ಆ ಎತ್ತರದಿಂದ ಅವನು ಊರು ನೋಡಿದ್ದಕ್ಕೆ ಅದೊಂದೇ ದಾಖಲೆ.

ಫೋನ್ ಹಾಳಾದರೆ ಎಲ್ಲ ಹೋಗುತ್ತದೆ, ಆದ್ದರಿಂದ ವರ್ಷಕ್ಕೆ ಹತ್ತಾದರೂ ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಹಿಂದೆ ಮಾರ್ಕರ್ ಪೆನ್ನಿನಲ್ಲಿ ಎಲ್ಲಿ, ಯಾವ ತಿಂಗಳು, ಜೊತೆಗೆ ಯಾರಿದ್ದಾರೆ ಅಂತ ಬರೆಸಿ. ಬಾಲ್ ಪೆನ್ ಬೇಡ, ಒತ್ತಿದರೆ ಮುಂದಿನ ಮೈಗೆ ಗೆರೆ ಬೀಳುತ್ತದೆ. ಅವನು ಹಬ್ಬಕ್ಕೆ ಬಂದಾಗ ಆ ಫೋಟೋಗಳನ್ನು ಹರಡಿಕೊಂಡು ಕೂತು ಮಾತಾಡಿಸಿ. ಫೋನಿನಲ್ಲಿ ಹೇಳದ ಎಷ್ಟೋ ವಿಷಯ ಆಗ ಹೇಳುತ್ತಾನೆ.

ಪ್ರಶ್ನೆ: ನಾವು ಕಾಲೇಜಿನ ಗೆಳೆಯರು ಸೇರಿ ಮಂಗಳೂರಿನಲ್ಲಿ ಇಂಥದ್ದೇನಾದರೂ ಮಾಡಬೇಕು ಅಂತಿದ್ದೇವೆ. ಬೇರೆ ಕಡೆ ಚೆನ್ನಾಗಿ ನಡೆದ ಉದಾಹರಣೆ ಇದ್ದರೆ ತಿಳಿಸಿ.
– ವಿದ್ಯಾರ್ಥಿಗಳು, ಮಂಗಳೂರು

ನನಗೆ ತುಂಬಾ ಇಷ್ಟವಾದ ಒಂದು ಕೆಲಸ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. ಅಲ್ಲಿನ ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರು, ಪಂಜಾಬಿನವರು, ಐರ್ಲೆಂಡಿನವರು, ಹಳೆಯ ಬಿಳಿಯ ಕುಟುಂಬಗಳು ಎಲ್ಲ ಒಟ್ಟಿಗೆ ಇದ್ದರು. ಪತ್ರಿಕೆಗಳಲ್ಲಿ ಆ ಬಡಾವಣೆ ಬರುತ್ತಿದ್ದದ್ದು ಗಲಾಟೆಯ ಸುದ್ದಿಗೆ. 1979ರಲ್ಲಿ ಡೆರೆಕ್ ಬಿಷ್ಟನ್, ಬ್ರಯಾನ್ ಹೋಮರ್, ಜಾನ್ ರಿಯರ್ಡನ್ ಅನ್ನುವ ಮೂವರು ಗ್ರೋವ್ ಲೇನಿನ ಫುಟ್‌ಪಾತಿನ ಮೇಲೆ ಬಿಳಿ ಪರದೆ ಕಟ್ಟಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿದರು. ಕ್ಯಾಮೆರಾದಿಂದ ಉದ್ದನೆಯ ಕೇಬಲ್ ಎಳೆದು ಅದರ ಗುಂಡಿಯನ್ನು ದಾರಿಹೋಕರ ಕೈಗೇ ಕೊಟ್ಟರು. ಯಾವಾಗ ಒತ್ತಬೇಕು, ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು, ಎಲ್ಲ ಅವರಿಗೇ ಬಿಟ್ಟದ್ದು. 500ಕ್ಕೂ ಹೆಚ್ಚು ಜನ ಬಂದು ತಮ್ಮ ಫೋಟೋ ತಾವೇ ತೆಗೆದುಕೊಂಡರು. ಎಲ್ಲರ ಹಿಂದೆಯೂ ಅದೇ ಬಿಳಿ ಪರದೆ, ಕೈಯಲ್ಲಿ ಅದೇ ಕೇಬಲ್. ಫೋಟೋಗಳಲ್ಲಿ ಆ ಕೇಬಲ್ ಕಾಣುತ್ತದೆ. ಅದು ಕಾಣುವುದೇ ಅದರ ಚೆಂದ.

ನೀವು ಇದನ್ನು ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮಾಡಬಹುದು. ಬಿಳಿ ಬೆಡ್‌ಶೀಟ್, ಸ್ಟ್ಯಾಂಡ್, ಫೋನಿಗೆ ಬ್ಲೂಟೂತ್ ಗುಂಡಿ, ಇಷ್ಟೇ ಬೇಕು. ಬೋಟ್ ಮಾಲೀಕರಿಗೆ, ಮೀನು ಮಾರುವ ಹೆಂಗಸರಿಗೆ ಮುಂಚೆಯೇ ಹೇಳಿ, ಸಾಧ್ಯವಾದರೆ ಮೊದಲ ಫೋಟೋ ಆ ಅಮ್ಮಂದಿರೇ ತೆಗೆದುಕೊಳ್ಳಲಿ. ಪ್ರಿಂಟ್ ಕೊಡಲು ಯಾವ ದಿನ ಬರುತ್ತೀರಿ ಅಂತ ಹೇಳಿ, ಅದೇ ದಿನ ಬನ್ನಿ. ಪ್ರದರ್ಶನ ಅಂತ ಮಾಡಿದರೆ ಗ್ಯಾಲರಿಗಿಂತ ಮೊದಲು ಅಲ್ಲೇ ಐಸ್ ಪ್ಲಾಂಟಿನ ಗೋಡೆಯ ಮೇಲೆ ಮಾಡಿ.

ದಿನ ಗೊತ್ತುಮಾಡುವಾಗ ಒಂದು ವಿಷಯ ನೆನಪಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡ್ ಕಡೆಯ ಬೋಟಿನ ಕೆಲಸಗಾರರು ಆಗ ಊರಿಗೆ ಹೋಗಿರುತ್ತಾರೆ. ಆಗಸ್ಟಿನಲ್ಲಿ ವಾಪಸ್ ಬಂದಮೇಲೂ ಮೊದಲ ವಾರ ಬಲೆ, ಡೀಸೆಲ್, ಐಸ್ ಅಂತ ಯಾರಿಗೂ ಪುರಸೊತ್ತು ಇರುವುದಿಲ್ಲ. ಎರಡು ಮೂರು ಟ್ರಿಪ್ ಮುಗಿಸಿ, ಕೈಲಿ ಸ್ವಲ್ಪ ದುಡ್ಡು ಆಡುತ್ತಿರುವಾಗ, ಒಗೆದ ಅಂಗಿ ಹಾಕಿಕೊಂಡು ಪೇಟೆಗೆ ಹೊರಟಿರುವಾಗ ಕರೆಯಿರಿ.